ನೆಲ ಕರಗುವ ತನಕ

ಬೇಯಿಸುವ ತಟ್ಟೆಯ ತಳಕ್ಕೊಂದು ಅಂಟುಪಟ್ಟಿ,
ಅದರ ಮೇಲೆ ನೀಲಿ ಶಾಯಿಯಲ್ಲಿ: ರಾಗ್ನಾ ಎಸ್.
ಊರಲ್ಲಿ ಯಾರ ಮನೆಯಲ್ಲಿ ಸಾವಾಗಲಿ
ಮೊದಲು ಹೋಗುತ್ತಿದ್ದದ್ದು ಆ ತಟ್ಟೆ,
ಆಲೂಗಡ್ಡೆ, ಕೆನೆ, ಮೇಲೊಂದು ಹಿಡಿ ಹುರಿದ ಈರುಳ್ಳಿ ಹೊತ್ತು.
ವಾರಕ್ಕೋ ಎರಡು ವಾರಕ್ಕೋ ತೊಳೆದು ತಿರುಗಿ ಬರುತ್ತಿತ್ತು.
ಫ್ಲಾಟೆನ್ನರ ಮನೆಯಿಂದ ಮಾತ್ರ ಹನ್ನೊಂದು ವರ್ಷಕ್ಕೆ ಬಂತು.
ಅಜ್ಜಿ ಏನೂ ಅನ್ನಲಿಲ್ಲ.
ಪಟ್ಟಿ ಬದಲಿಸಿದಳು.

ಸ್ಕಾರ್ವಿಕ್ ಎಂದರೆ ಒಂದು ಕಣಜ, ಒಂದು ಚರ್ಚು,
ನಿಲ್ಲದೆ ಹೋಗುವ ಒಂದು ರೈಲು.
ಡಕೋಟದ ಈ ಬಯಲಲ್ಲಿ ನೋಡೋಕೆ ಏನಿದೆ ಎಂದವರಿಗೆ
ಅವಳ ಉತ್ತರ: ಅಡ್ಡವೂ ಏನಿಲ್ಲವಲ್ಲ.

ಹಾಡಿನ ಪುಸ್ತಕದ ಬಣ್ಣದಲ್ಲಿ ಅವಳ ಆಯುಷ್ಯ ಎಣಿಸಬಹುದು.
ಕಪ್ಪು ರಟ್ಟಿನ ಕಾಲಕ್ಕೆ ಹುಟ್ಟಿದಳು,
ಪಾದ್ರಿ ಇನ್ನೂ ನಾರ್ವೆಯ ಮಾತಲ್ಲೇ ಗದರುತ್ತಿದ್ದ.
ಕಪ್ಪಿನಲ್ಲೇ ಮದುವೆ, ಐನಾರ್ ಸ್ಟೆನ್ಸ್ರೂಡನ ಜೊತೆ,
ಸಕ್ಕರೆ ಬೀಟು ಕಿತ್ತು ಮುಗಿದ ಮಂಗಳವಾರ.
ಕೆಂಪು ಬಂತು; ನನ್ನಮ್ಮ ಮಾರ್ಡೆಲ್ ಅದರಲ್ಲಿ ಕುದುರೆ ಬರೆದು
ಪೆಟ್ಟು ತಿಂದಳು.
ಹಸಿರು ಬರುವ ಹೊತ್ತಿಗೆ ಟ್ರ್ಯಾಕ್ಟರು ಐನಾರನ ಕಿವಿ ತಿಂದಿತ್ತು.
ಪ್ರತಿ ಹಾಡನ್ನೂ ಅವನು ಒಂದು ಸಾಲು ತಡವಾಗಿ ಮುಗಿಸುತ್ತಿದ್ದ.
ಅವಳೂ ತಡಮಾಡುತ್ತಿದ್ದಳು.
ಇಡೀ ಚರ್ಚು ಕೂತ ಮೇಲೆ
ಇಬ್ಬರೇ ನಿಂತು, ಆ ಒಂದು ಸಾಲು.
ಅವನು ಹೋದ ಮೇಲೂ ಅವಳ ಹಾಡು
ಅಷ್ಟೇ ಹಿಂದೆ ಉಳಿಯಿತು.

ಮೈದುನ ಟಿಲ್ಫೋರ್ಡ್ ಹೊಲದ ಪಾಲು ನುಂಗಿದ.
ನಲವತ್ತು ಎಕರೆ. ಅದನ್ನೂ ಹೊಟ್ಟೆಗೆ ಹಾಕಿಕೊಂಡಳು.
ಅವನಿಗೆ ಪಾರ್ಶ್ವವಾಯು ಬಡಿದಾಗ
ಮೂರು ಚಳಿಗಾಲ ಚಮಚದಲ್ಲಿ ಉಣಿಸಿದಳು.
ಪುಣ್ಯ ಬಂತಲ್ಲ ಅಜ್ಜಿ, ಎಂದೆ ಒಮ್ಮೆ.
ನಮ್ಮಲ್ಲಿ ಗಳಿಸುವ ಹಾಗಿಲ್ಲ ಕಣೇ, ಎಲ್ಲ ಪುಕ್ಕಟೆ,
ಅವನಿಗೆ ಹಸಿವಾಗುತ್ತಿತ್ತು, ಅಷ್ಟೆ, ಎಂದಳು.
ಆಮೇಲೆ ಹಿತ್ತಲಿಗೆ ಹೋಗಿ ಜಮಖಾನೆ ಬಡಿದಳು,
ಧೂಳು ಹೋದಮೇಲೂ ಬಡಿದಳು.

ಒಂದು ಮಾತು ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.
ನಲವತ್ತೊಂಬತ್ತರ ಜನವರಿ. ಒಂಬತ್ತು ದಿನದ ಕೂಸು, ಕಾರ್ಸ್ಟೆನ್.
ನೆಲ ಕಬ್ಬಿಣ; ಹಾರೆ ಬಡಿದರೆ ಕಿಡಿ.
ಮಣ್ಣು ಮಾಡಲು ಮಣ್ಣೇ ಒಪ್ಪಲಿಲ್ಲ.
ಚರ್ಚಿನ ಹಿಂದಿನ ಕಲ್ಲುಕೋಣೆಯಲ್ಲಿ
ಪೆಟ್ಟಿಗೆ ಏಪ್ರಿಲ್ ತನಕ ಕಾಯಿತು.
ದಿನಾ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು
ಅಲ್ಲಿವರೆಗೆ ನಡೆದು, ಬಾಗಿಲ ಹೊರಗೆ ನಿಂತು, ಬರುತ್ತಿದ್ದಳಂತೆ.
ಬೀಗದ ಕೈ ಒಮ್ಮೆಯೂ ಕೇಳಲಿಲ್ಲವಂತೆ.
ಇದನ್ನು ನನಗೆ ಹೇಳಿದ್ದು ಅವಳಲ್ಲ,
ಗುಂಡಿ ತೋಡುವವನ ಮಗ.

ತೊಂಬತ್ತಾರಕ್ಕೆ ಹೋದಳು. ಅದೂ ಜನವರಿ.
ಈಗ ತೊಂದರೆಯಿಲ್ಲ, ಅಂದ ಶವಪೆಟ್ಟಿಗೆಯ ಅಂಗಡಿಯವನು,
ಗ್ಯಾಸಿನ ಮುಚ್ಚಳ ಹಾಸಿದರೆ ಒಂದೇ ರಾತ್ರಿಗೆ ನೆಲ ಮೆತ್ತಗಾಗುತ್ತದೆ.
ಅಮ್ಮ ಸುಮ್ಮನೆ ತಲೆಯಾಡಿಸಿ,
ಬಂದವರಿಗೆ ಏನಾದರೂ ಬೇಕಲ್ಲ ಎಂದು
ಫ್ರೀಜರಿನ ಮುಚ್ಚಳ ಎತ್ತಿದಳು.
ಬನ್ನು, ಆರು ಡಜನ್, ಮೇಲೆ ಅಂಟುಪಟ್ಟಿ:
ನನ್ನ ದಿನಕ್ಕೆ.
ಕೆಳಗೆ ಇನ್ನೊಂದು ಪಟ್ಟಿ, ಅಕ್ಷರ ಸೊಟ್ಟ:
ಅವಸರ ಬೇಡ. ಏಪ್ರಿಲ್ ಆಗಲಿ.
ಆ ಕೋಣೆ ನನಗೆ ಗೊತ್ತು.

ಅಂದು ಸಂಜೆ ಫ್ಲಾಟೆನ್ನರ ಮೊಮ್ಮಗಳು ಬಾಗಿಲು ತಟ್ಟಿದಳು,
ಕೈಯಲ್ಲಿ ಬಿಸಿ ತಟ್ಟೆ. ತಿರುಗಿಸಿ ನೋಡಲಿಲ್ಲ ನಾವು.
ಅಮ್ಮ ಕೋಟು ಹಾಕಿಕೊಂಡು
ಬೀಗದ ಕೈ ಕೇಳಲು ಹೊರಟಳು.
ಅದು ಯಾವುದೆಂದು ಚರ್ಚಿನಲ್ಲಿ ಯಾರಿಗೂ ನೆನಪಿರಲಿಲ್ಲ.
ಒಂದು ಗೊಂಚಲು ಕೊಟ್ಟರು.
ಮೂರನೆಯದು ತಿರುಗಿತು.